ಗೌಡರ ಬಾಗಿಲಿಗೆ ಬಂದ ಹುತ್ತದ ಮಣ್ಣು

ಹುಡುಗನಾಗಿದ್ದಾಗ ಒಂದು ಕಾರಹುಣ್ಣಿಮೆಯ ದಿನ ಶಾಲೆಗೆ ಬೆನ್ನು ತಿರುಗಿಸಿ ಹೊರಟ ಕೆಂಚಪ್ಪ, ಬಡಗಿಯಾಗಿ ಊರೂರು ಅಲೆದು, ಈಗ ಮುದುಕಿ ಸಿದ್ದವ್ವನ ಮನೆ ರಿಪೇರಿಗೆ ನಿಂತಿದ್ದ. ಗೋಡೆಯಾಚೆ ಗೌಡರ ಜಾಗದಲ್ಲಿ ಹುತ್ತ. ಅಲ್ಲಿಂದ ಬಂದ ಗೆದ್ದಲು ಮುದುಕಿಯ ತೊಲೆಗಳನ್ನು ತಿನ್ನುತ್ತಿತ್ತು.

"ಹುತ್ತ ಅಗೆದೀಯ, ಜೋಕೆ! ಅದು ದೇವರು. ಬೇಕಾದರೆ ಮುದುಕಿ ಮನೆ ಬಿಡಲಿ," ಅಂದರು ಗೌಡರು.

ಮರುದಿನ ಕೆಂಚಪ್ಪ ಮದುವೆಗೆ ತರುವ ಹಾಗೆ ಹುತ್ತದ ಮಣ್ಣನ್ನು ಗೆದ್ದಲ ಸಮೇತ ಬುಟ್ಟಿಗೆ ತುಂಬಿ, ಅರಿಶಿನ ಕುಂಕುಮವಿಟ್ಟು, ಊರವರ ಜೊತೆ ಹೋಗಿ ಗೌಡರ ಕೆತ್ತನೆಯ ಬಾಗಿಲಿಗೆ ಒತ್ತಿ ಇಳಿಸಿದ.

"ಇಂಥ ಭಕ್ತರಿರುವಾಗ ದೇವರಿಗೆ ಬಡವರ ಗೋಡೆ ಯಾಕೆ, ಗೌಡ್ರೇ? ಇಲ್ಲೇ ನೆಲೆಸಲಿ."

ಜನ ಕೈಮುಗಿದರು. ಗೆದ್ದಲು ಹೊಸ್ತಿಲು ಹತ್ತಿತು.

"ಯಾವ ದೇವರೋ, ಬರೀ ಹುಳ! ಇದನ್ನೂ ಆ ಹುತ್ತವನ್ನೂ ಅಗೆದು ಬಿಸಾಕು!" ಅಂತ ಕೂಗಿದರು ಗೌಡರು.

"ಎಲ್ಲರೂ ಕೇಳಿದ್ರಲ್ಲ?" ಅಂದ ಕೆಂಚಪ್ಪ.

ಸಂಜೆಗೆ ಹುತ್ತ ನೆಲಸಮವಾಯಿತು.

"ನಾಲ್ಕು ದಿನ ಇದ್ದು ಹೋಗೋ, ಮಗಾ," ಅಂದಳು ಸಿದ್ದವ್ವ.

ಕೆಂಚಪ್ಪ ಉಳಿ, ಸುತ್ತಿಗೆ ಚೀಲಕ್ಕೆ ತುಂಬುತ್ತ ನಕ್ಕ. "ಒಂದೇ ಕಡೆ ಕೂತರೆ ನನ್ನ ಮೇಲೂ ಹುತ್ತ ಬೆಳೀತದವ್ವ."