ಇಲಿಯ ಬಿಲಕ್ಕೆ ಹಲ್ಲಿಯ ಸಾಕ್ಷಿ

ಬಿಲ ಮಾರಲು ಹೊರಟ ಇಲಿ, ಮೊದಲು ತಪಾಸಣೆ ಆಗಲೆಂದು ಹಲ್ಲಿಯನ್ನು ಕರೆಸಿತು. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವೆಂದು ಊರೆಲ್ಲ ನಂಬುತ್ತದಲ್ಲ!

ಹಲ್ಲಿ ಒಳಗೆಲ್ಲ ಹರಿದಾಡಿ ಬಂದು, "ಇಲಿರಾಯರೇ, ಗೋಡೆ ಒದ್ದೆ. ಹಿಂದಿನ ಬಿರುಕಿನಲ್ಲಿ ಬೆಕ್ಕಿನ ಪಂಜ ತೂರುತ್ತದೆ. ಮೊದಲು ಅದನ್ನು ಮುಚ್ಚಿಸಿ" ಎಂದಿತು.

"ಅದೆಲ್ಲ ನಿಮಗೇಕೆ, ಹಲ್ಲಿಯಮ್ಮ? ಕೊಳ್ಳುವವರು ಬಂದಾಗ ಕೇಳಿದ ಮಾತಿಗೆಲ್ಲ ಲೊಚಗುಟ್ಟಿದರೆ ಸಾಕು. ಬಿಲದ ಸೊಳ್ಳೆಗಳೆಲ್ಲ ನಿಮಗೇ."

ಸಂಜೆ ಹೆಗ್ಗಣ ಮನೆ ನೋಡಲು ಬಂದಿತು.

"ಗೋಡೆ ಬೆಚ್ಚಗಿದೆ" ಎಂದಿತು ಇಲಿ.

"ಲೊಚ್ ಲೊಚ್" ಎಂದಿತು ಹಲ್ಲಿ.

"ಬೆಕ್ಕು ಇತ್ತ ತಲೆ ಹಾಕಿಯೂ ಮಲಗುವುದಿಲ್ಲ."

"ಲೊಚ್ ಲೊಚ್."

ಹೆಗ್ಗಣ ಮೀಸೆ ತೀಡಿತು. "ಹಲ್ಲಿ ನುಡಿದದ್ದೆಲ್ಲ ನಿಜ ತಾನೇ?"

"ಅದರಲ್ಲಿ ಎರಡು ಮಾತಿಲ್ಲ, ಸ್ವಾಮಿ!"

"ಹಾಗಾದರೆ ಕೇಳಿ. ಈ ಬಿಲ ನಮ್ಮ ತಾತನದು."

ಸೊಳ್ಳೆಯ ಗುಂಗಿನಲ್ಲಿದ್ದ ಹಲ್ಲಿ ತಡಮಾಡಲಿಲ್ಲ. "ಲೊಚ್ ಲೊಚ್!"

ಇಲಿ ಗಂಟುಮೂಟೆ ಕಟ್ಟಿಕೊಂಡು ಬೀದಿಗೆ ಬಿದ್ದಿತು. ಹೆಗ್ಗಣ ಒಳಗೆ ಹೋಗಿ, ಹೇಗೂ ಬೆಕ್ಕಿನ ಭಯವಿಲ್ಲವೆಂದು, ಬಿರುಕಿನ ಕಡೆಗೇ ಬಾಲ ಚಾಚಿ ಹಾಯಾಗಿ ಮಲಗಿತು.