ಕೊಟ್ರ ಹೆಜ್ಜೆ ಹೊಂದಿಸಿಕೊಂಡದ್ದು

ಮಂಡಕ್ಕಿ ಹುರಿಯೋ ತಿಪ್ಪವ್ವನಿಗೆ ಒಬ್ಬನೇ ಮಗ, ಕೊಟ್ರ. ಆಳು ಬಾಗಿಲು ತುಂಬ ಇದ್ದ. ಬುದ್ಧಿ ಮಾತ್ರ ಚಿಟಿಕೆಯಷ್ಟು. "ಇವನಿಗೆ ಯಾರು ಹೆಣ್ಣು ಕೊಡ್ತಾರೋ ಶಿವನೇ!" ಅಂತ ತಿಪ್ಪವ್ವ ಒಲೆ ಮುಂದೆ ಕೂತು ಹಣೆ ಚಚ್ಚಿಕೊಳ್ಳೋಳು.

ಒಂದಿನ ಕೊಟ್ರ ಮಂಡಕ್ಕಿ ಚೀಲ ಹೊತ್ತು ಸಂತೆಗೆ ಹೊರಟ. ದಾಪುಗಾಲು ಹಾಕಿದ, ಹಾಕಿದ, ಹಾಕ್ತಾನೇ ಹೋದ. ಅಡ್ಡ ಕಾಲುವೆ ಬಂತು. ಆಗಲೂ ಅದೇ ದಾಪುಗಾಲು! ದುಡುಂ! ಕೊಟ್ರ ಕೆಳಗೆ, ಮಂಡಕ್ಕಿ ಮೇಲೆ. ಮೀನಿಗೆಲ್ಲ ಹಬ್ಬ.

"ಅಯ್ಯೋ ಪೆದ್ದೇ! ನೀರು ಕಂಡ್ರೆ ದೂರದಿಂದಲೇ ಹೆಜ್ಜೆ ಸಣ್ಣ ಮಾಡ್ಬೇಕು, ಕಾಲು ಹೊಂದಿಸ್ಕೋಬೇಕು, ಆಮೇಲೆ ಜಿಗೀಬೇಕು!" ಅಂತ ತಿಪ್ಪವ್ವ ನೆನೆದು ಬಂದ ಮಗನಿಗೆ ಬೈದಳು.

"ಹೂಂ ಕಣವ್ವಾ, ಹಂಗೇ ಮಾಡ್ತೀನಿ."

ಅಂತೂ ಪಕ್ಕದೂರಿನ ಚೌಡಪ್ಪ ಮಗಳನ್ನ ತೋರಿಸೋಕೆ ಒಪ್ಪಿದ. ತಾಯಿ ಮಗ ಹೋದರು. ಚೌಡಪ್ಪ ಕಾಲು ತೊಳೆಯೋಕೆ ಬಾಗಿಲಲ್ಲಿ ಚೊಂಬು ನೀರು ಇಟ್ಟು, "ಬರ್ರಿ ಬರ್ರಿ" ಅಂದ.

ನೀರು! ಕೊಟ್ರ ಬೀದಿಯಲ್ಲೇ ಹೆಜ್ಜೆ ಸಣ್ಣ ಮಾಡಿದ. ಪುಟುಪುಟು, ಪುಟುಪುಟು. ಕಾಲು ಹೊಂದಿಸಿಕೊಂಡ. ಜಿಗಿದ! ಚೊಂಬು ದಾಟಿ ಸೀದಾ ಚೌಡಪ್ಪನ ಎದೆ ಮೇಲೆ!

ಬಾಗಿಲ ಹಿಂದಿದ್ದ ಮಗಳು ಹಾಲವ್ವ ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಮಾಡ್ಕೊಂಡ್ರೆ ಇವನನ್ನೇ!" ಅಂದಳು.

ಸಂಬಂಧ ಕುದುರಿತು. ತಿಪ್ಪವ್ವನ ಬೈಗುಳ ನಿಲ್ಲಲಿಲ್ಲ. "ಅಯ್ಯೋ ಪೆದ್ದೇ! ಎದುರಿಗೆ ಜನ ಬಂದ್ರೆ ಜಿಗೀಬಾರದು! ಹೆಜ್ಜೆ ನಿಧಾನ ಮಾಡಿ, ಪಕ್ಕಕ್ಕೆ ಸರಿದು, ದಾರಿ ಬಿಡ್ಬೇಕು!"

"ಹೂಂ ಕಣವ್ವಾ, ಹಂಗೇ ಮಾಡ್ತೀನಿ."

ಮದುವೆ ದಿನ ಹಾಲವ್ವ ಹಾರ ಎತ್ತಿಕೊಂಡು ಎದುರಿಗೆ ಬಂದಳು. ಕೊಟ್ರ ಹೆಜ್ಜೆ ನಿಧಾನ ಮಾಡಿದ. ಪಕ್ಕಕ್ಕೆ ಸರಿದ. "ಹೋಗವ್ವಾ ತಾಯಿ, ದಾರಿ ಬಿಟ್ಟೀನಿ!" ಅಂದ. ಹಾರ ಹೋಗಿ ಹಿಂದೆ ನಿಂತಿದ್ದ ವಾಲಗದವನ ಕೊರಳಿಗೆ ಬಿತ್ತು. ವಾಲಗ ನಿಂತೇ ಹೋಯ್ತು!

ಹಾರ ಬಿಡಿಸಿ ತಂದು ಹೆಂಗೋ ಮದುವೆ ಮುಗಿಸಿದರು. ತಿಪ್ಪವ್ವ ಮಗನ ಕಿವಿ ಹಿಂಡಿದಳು. "ಅಯ್ಯೋ ಪೆದ್ದೇ! ನಿನಗೆ ಹೇಳಿ ಹೇಳಿ ನಾಲಿಗೆ ಸವೀತು. ಇನ್ಮೇಲೆ ನಿನ್ನ ಹೆಂಡ್ತಿ ಹೆಂಗೆ ಮಾಡ್ತಾಳೋ, ನೀನೂ ಹಂಗೇ ಮಾಡು!"

ಸಂಜೆ ಮನೆ ತುಂಬಿಸಿಕೊಳ್ಳೋ ಹೊತ್ತು. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು. ಹಾಲವ್ವ ಹೆಜ್ಜೆ ಸಣ್ಣ ಮಾಡಿದಳು, ಬಲಗಾಲು ಮುಂದೆ ಬರೋ ಹಂಗೆ ಹೊಂದಿಸಿಕೊಂಡಳು, ಸೇರನ್ನ ಮೆಲ್ಲಗೆ ಒದ್ದು ಒಳಗೆ ಹೋದಳು. ಕೊಟ್ರ ಕಣ್ಣು ಪಿಳುಕಿಸದೆ ನೋಡಿದ.

ಈಗ ತನ್ನ ಸರದಿ. ಸೇರು ಆಗಲೇ ಉರುಳಿತ್ತು. ಅತ್ತ ನೋಡಿದ, ಇತ್ತ ನೋಡಿದ. ಜಗುಲಿ ಮೇಲೆ, ಊರಿಗೆಲ್ಲ ಬಡಿಸೋಕೆ ಅಂತ ಆರಲು ಇಟ್ಟ ಪಾಯಸದ ಕೊಪ್ಪರಿಗೆ! ಹೆಜ್ಜೆ ಸಣ್ಣ ಮಾಡಿದ. ಪುಟುಪುಟು, ಪುಟುಪುಟು. ಬಲಗಾಲು ಹೊಂದಿಸಿಕೊಂಡ. ಒದ್ದ!

ಮಗನಿಗಿಂತ ಮೊದಲು ಪಾಯಸವೇ ಹೊಸಿಲು ದಾಟಿ ಒಳಗೆ ಹೋಯಿತು. ತಿಪ್ಪವ್ವ ಹಣೆ ಚಚ್ಚಿಕೊಂಡಳು.

ಕೊಟ್ರ ಎದೆ ಉಬ್ಬಿಸಿ ಅಂದ: "ನೋಡವ್ವಾ! ಅವಳು ಚೆಲ್ಲಿದ್ದು ಒಂದೇ ಸೇರು. ನಾನು ಇಡೀ ಊರಿಂದು ಚೆಲ್ಲಿದೆ!"