ಮಂಗಟ್ಟೆಯ ಬಿಡುಗಡೆ

ಒಂದು ಕಾಡಿನಲ್ಲಿ ಎಲ್ಲರೂ ನಂಬಿದ್ದ ಮಾತೊಂದಿತ್ತು. ಮೊಟ್ಟೆಯಿಡುವ ಕಾಲ ಬಂದರೆ ಗಂಡು ಮಂಗಟ್ಟೆ ಹಕ್ಕಿ ಹೆಂಡತಿಯನ್ನು ಮರದ ಪೊಟರೆಯೊಳಗೆ ತಳ್ಳಿ, ಪೊಟರೆಯ ಬಾಯಿಗೆ ಗೋಡೆ ಮೆತ್ತಿ, ಕೊಕ್ಕು ಹೊರಬರುವಷ್ಟು ಸೀಳು ಮಾತ್ರ ಬಿಡುತ್ತದೆ. ಗಂಡನಿಗೆ ಸಂಶಯ, ಹೆಂಡತಿಗೆ ಸೆರೆ. ಗೋಡೆ ಮೆತ್ತುವುದನ್ನು ಯಾರೂ ಕಂಡಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹೋಗಿ ನೋಡುವವರು ಯಾರು?

ಆ ವರ್ಷ ತಾರೆ ಮರದ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆಯೊಂದು ಹೀಗೆ ಕೂತಿತ್ತು. ದಿನವೂ ಹಣ್ಣು ತಂದು ಸೀಳಿನಲ್ಲಿ ತಿನ್ನಿಸುತ್ತಿದ್ದ ಗಂಡ ಒಂದು ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಒಳಗಿನಿಂದ ಸಣ್ಣಗೆ ನರಳುವ ದನಿ ಕೇಳುತ್ತಿತ್ತು.

ಅದನ್ನು ಮೊದಲು ಕೇಳಿಸಿಕೊಂಡದ್ದು ಪುನುಗು ಬೆಕ್ಕು. ಅದು ವಾಸವಿದ್ದ ಮರ ಗಾಳಿಗೆ ಉರುಳಿತ್ತು. ಹಗಲು ಮಲಗಲು ಒಳ್ಳೆಯ ಪೊಟರೆಯೊಂದು ಬೇಕಿತ್ತು. ಮಂಗಟ್ಟೆ ಮರಿಯ ರುಚಿಯೂ ಅದಕ್ಕೆ ಗೊತ್ತಿತ್ತು. ಇವೆರಡನ್ನೂ ಅದು ಯಾರಿಗೂ ಹೇಳಲಿಲ್ಲ.

ಹೇಳಿದ್ದು ಬೇರೆ. ಕಾಡಿನವರನ್ನೆಲ್ಲ ಮರದಡಿ ಸೇರಿಸಿ, ಹೆಂಡತಿಯನ್ನು ಕೂಡಿಹಾಕಿ ಓಡಿಹೋದ ಗಂಡನ ಬಗ್ಗೆ ಕಣ್ಣು ತುಂಬಿಕೊಂಡು ಮಾತಾಡಿತು. ಗೋಡೆ ಒಡೆದು ಆ ಹೆಣ್ಣನ್ನು ಬಿಡಿಸಬೇಕು, ಗಾಳಿ ಬೆಳಕಿರುವ ಬೇರೆ ಜಾಗವನ್ನು ತಾನೇ ಹುಡುಕಿಕೊಡುತ್ತೇನೆ ಎಂದಿತು. ಕರಿಮೂತಿಯ ಮುದಿ ಮುಸುವ ತಲೆದೂಗಿತು. ಮೊಲ ಕಣ್ಣೊರೆಸಿಕೊಂಡಿತು. ಕಣ್ಣೊರೆಸಿಕೊಂಡವರು ಬಹಳ ಮಂದಿ. ಹಣ್ಣು ತಂದವರು ಯಾರೂ ಇಲ್ಲ.

"ಈ ಕೆಲಸಕ್ಕೆ ನೀನೇ ಸೈ, ಮರಕುಟಿಗಣ್ಣ," ಎಂದಿತು ಪುನುಗು. "ನಿನ್ನಂಥ ಕೊಕ್ಕು ಇನ್ಯಾರಿಗಿದೆ?"

ತಾನು ಹೊಗಳಿಕೆಗೆ ಬಗ್ಗುವ ಜಾತಿಯಲ್ಲ ಎಂದು ಮರಕುಟಿಗ ತಿಳಿದುಕೊಂಡಿತ್ತು. ಆದರೂ ಎದೆ ಒಂದಿಷ್ಟು ಉಬ್ಬಿತು. ಹಾರಿ ಹೋಗಿ ನಾಲ್ಕು ಏಟು ಕುಟ್ಟಿತು. ಗೋಡೆಯ ಒಂದು ಮೂಲೆ ಉದುರಿತು.

"ಕುಟ್ಟಬೇಡಣ್ಣ," ಎಂದಿತು ಒಳಗಿನ ದನಿ. "ರೆಕ್ಕೆಯ ಗರಿಯೆಲ್ಲ ಉದುರಿದೆ, ಹಾರೋಕಾಗಲ್ಲ. ಮರಿ ಇನ್ನೂ ಕಣ್ಣೇ ಬಿಟ್ಟಿಲ್ಲ. ಈಗ ಹೊರಗೆ ಹಾಕಿದ್ರೆ ಇಬ್ಬರೂ ಉಳಿಯಲ್ಲ."

"ಮತ್ತೆ ನಿನಗೇನು ಬೇಕು ತಾಯಿ?"

"ಹಸಿವಾಗಿದೆ. ಒಂದಷ್ಟು ಹಣ್ಣು."

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಎಂಬುದು ಮರಕುಟಿಗನಿಗೆ ಹೊಳೆಯಿತು. ತಾನು ಕೇಳಿದ್ದೂ ಕುಟ್ಟಿದ ಮೇಲೆಯೇ. ಕೆಳಗಿಳಿದು ಬಂದು, ಆಕೆಗೆ ಬಿಡುಗಡೆ ಬೇಡವಂತೆ, ಹಣ್ಣು ಬೇಕಂತೆ ಎಂದಿತು. ಸಭೆ ಒಪ್ಪಲಿಲ್ಲ. ಹೆದರಿದ ಹೆಂಡತಿ ಇನ್ನೇನು ಹೇಳುತ್ತಾಳೆ ಎಂದಿತು ಮುಸುವ. ಮುಸುವ ಯಾವಾಗಲೂ ಅನುಭವದಿಂದಲೇ ಮಾತಾಡುತ್ತಿತ್ತು, ಬೇರೆ ಯಾರದೋ ಅನುಭವದಿಂದ.

ಪುನುಗಿಗೆ ಅಷ್ಟು ತಾಳ್ಮೆ ಇರಲಿಲ್ಲ. "ನಿನ್ನಿಂದಾಗಲ್ಲ, ಸರಿ ಅತ್ಲಾಗೆ," ಎಂದು ಸರಸರನೆ ಮರವೇರಿ, ಉದುರಿದ ಮೂಲೆಯೊಳಗೆ ಮೂತಿ ತೂರಿಸಿತು.

ಒಳಗಿದ್ದ ಹಕ್ಕಿಗೆ ಗರಿ ಇರಲಿಲ್ಲ, ನಿಜ. ಕೊಕ್ಕು ಇತ್ತು. ಅದು ಪುನುಗಿನ ಮೂಗನ್ನು ಇಕ್ಕಳದಂತೆ ಹಿಡಿಯಿತು.

"ಬಿಡಿಸಿ, ಯಾರಾದ್ರೂ ಬಿಡಿಸಿ," ಎಂದು ಪುನುಗು ಬಾಲ ಬಡಿಯಿತು.

"ಬಿಡಿಸೋಕೆ ತಾನೇ ನೀನು ಹತ್ತಿದ್ದು," ಎಂದಿತು ಮರಕುಟಿಗ.

ಒಳಗಿನಿಂದ ಮಾತು ಬರಲಿಲ್ಲ. ಬಾಯಿ ತುಂಬಿತ್ತು.

"ನಿನ್ನ ಮನೇನೂ ಬೇಡ, ಮರೀನೂ ಬೇಡ. ಮೂಗು ಬಿಡು ತಾಯಿ." ಪುನುಗು ಅತ್ತಿತು. ಈ ಸಲದ ಕಣ್ಣೀರು ನಿಜದ್ದು.

ಮನೆಯ ವಿಷಯ, ಮರಿಯ ವಿಷಯ ಸಭೆಗೆ ಹೊಸದು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಕ್ಕು ಸಡಿಲವಾದದ್ದೇ ತಡ, ಪುನುಗು ದೊಪ್ಪನೆ ಬಿದ್ದು ಕಾಡಿನ ಆಚೆ ತುದಿಗೆ ಓಡಿತು.

ಮರಕುಟಿಗ ಅತ್ತಿ ಹಣ್ಣು ತಂದು ಸೀಳಿನಲ್ಲಿಟ್ಟಿತು. ನಾಚಿಕೆಯಾದ ಮೇಲೆ ಉಳಿದವರೂ ತಂದರು. ಸಂಜೆ ಹೊತ್ತಿಗೆ ಗಂಡು ಮಂಗಟ್ಟೆ ಬಂತು. ಹದ್ದಿನ ಉಗುರಿನಿಂದ ಹೇಗೋ ತಪ್ಪಿಸಿಕೊಂಡು ಬಂದಿತ್ತು. ಒಂದು ರೆಕ್ಕೆ ಜೋಲುತ್ತಿತ್ತು, ಬಾಯಿ ತುಂಬ ಹಣ್ಣಿತ್ತು.

ಮುಸುವ ಸುಮ್ಮನಿರಲಿಲ್ಲ. ಕಟ್ಟಿಕೊಂಡವಳನ್ನು ಗೋಡೆ ಮೆತ್ತಿ ಕೂಡಿಹಾಕುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಬುದ್ಧಿ ಹೇಳತೊಡಗಿತು. ಗಂಡು ಪಿಳಿಪಿಳಿ ಕಣ್ಣು ಬಿಡುತ್ತ ಕೇಳಿಸಿಕೊಂಡಿತು.

ಮರಕುಟಿಗ ಮಾತ್ರ ಪೊಟರೆಯ ಕಡೆ ನೋಡುತ್ತಿತ್ತು. ತಾನು ಉದುರಿಸಿದ ಮೂಲೆ ಸ್ವಲ್ಪಸ್ವಲ್ಪವಾಗಿ ಮುಚ್ಚಿಕೊಳ್ಳುತ್ತಿತ್ತು. ಗೋಡೆಯನ್ನು ಹೆಣ್ಣು ಮಂಗಟ್ಟೆಯೇ ಒಳಗಿನಿಂದ ಮೆತ್ತುತ್ತಿತ್ತು.

ನೀತಿ: ಕಷ್ಟದಲ್ಲಿರುವವರಿಗೆ ಏನು ಬೇಕೆಂದು ಮೊದಲು ಕೇಳಬೇಕು, ಕೇಳದೆ ಮನೆ ಬಿಡಿಸಲು ಬಂದವನ ಕಣ್ಣು ಮನೆಯ ಮೇಲೆಯೇ ಇರುತ್ತದೆ.